ಡಿಪ್ಲೊಮಾ ಓದಿದ್ರೆ ಡಿಗ್ರಿಯಲ್ಲಿ ಒಂದು ವರ್ಷ ಉಳಿಯುತ್ತಾ? ಕ್ರೆಡಿಟ್, ಸ್ಕಾಲರ್‌ಶಿಪ್ ಬಗ್ಗೆ ಪೋಷಕರು ತಿಳಿದಿರಬೇಕಾದ ಮಾಹಿತಿ

ವಸ್ತಾರೆ: ಕಾಫಿ, ಮೆಣಸು ಮಾರಿ ಕೈಗೆ ನಾಲ್ಕು ಕಾಸು ಬರೋದು ಫೆಬ್ರವರಿ-ಮಾರ್ಚ್ ಹೊತ್ತಿಗೆ. ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ. ಸರಿಯಾಗಿ ಅದೇ ಸಮಯಕ್ಕೆ ಮೊಬೈಲಿಗೆ ಜಾಹೀರಾತುಗಳು ಬರಲು ಶುರುವಾಗುತ್ತವೆ. ‘ಇಂಟರ್‌ನ್ಯಾಷನಲ್ ಡಿಪ್ಲೊಮಾ ಮಾಡಿ, ವಿದೇಶದ ಯೂನಿವರ್ಸಿಟಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿ, ಸ್ಕಾಲರ್‌ಶಿಪ್ ಗ್ಯಾರಂಟಿ’ ಅನ್ನೋ ಮಾತು ಕೇಳಿ ವರ್ಷದ ಫಸಲಿನ ದುಡ್ಡನ್ನೇ ಫೀಸಿಗೆ ಕಟ್ಟುವ ಮುನ್ನ ಕೆಲವು ವಿಷಯ ಗೊತ್ತಿರಲೇಬೇಕು. ಡಿಪ್ಲೊಮಾ ಅನ್ನೋ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಓದುಗಳಿವೆ. ಒಂದಕ್ಕೆ ಸಿಗುವ ಅನುಕೂಲ ಇನ್ನೊಂದಕ್ಕೆ ಸಿಗಲ್ಲ.

ಕ್ರೆಡಿಟ್ ಅಂದ್ರೆ ಏನು?

ಇದು ಅಂಗಡಿ ಉದ್ರಿ ಲೆಕ್ಕದ ಕ್ರೆಡಿಟ್ ಅಲ್ಲ. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ಕೇಳಿ ಪಾಸಾದರೆ 1 ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆಗೆ 1 ಕ್ರೆಡಿಟ್. ಇಷ್ಟು ಕ್ರೆಡಿಟ್ ಗಳಿಸಿದರೆ ಡಿಗ್ರಿ ಎಂಬ ಲೆಕ್ಕ ಇರುತ್ತದೆ. ಉದಾಹರಣೆಗೆ ವಿಟಿಯುದ 2022ರ ಸ್ಕೀಮ್‌ನಲ್ಲಿ ಬಿಇ ಪದವಿಗೆ ಒಟ್ಟು 160 ಕ್ರೆಡಿಟ್ ಬೇಕು.

ನೆನಪಿಡಬೇಕಾದ ಮುಖ್ಯ ಸಂಗತಿ ಇದು: ಮೊದಲು ಓದಿದ ಕಡೆ ಗಳಿಸಿದ ಕ್ರೆಡಿಟ್ ನಡೆಯುತ್ತೋ ಇಲ್ಲವೋ ಎಂದು ತೀರ್ಮಾನಿಸುವುದು ಮುಂದೆ ಸೇರುವ ವಿಶ್ವವಿದ್ಯಾಲಯ. ಡಿಪ್ಲೊಮಾ ಕೊಟ್ಟ ಸಂಸ್ಥೆಯ ಮಾತು ಅಲ್ಲಿ ನಡೆಯಲ್ಲ.

1. ಪಾಲಿಟೆಕ್ನಿಕ್ ಡಿಪ್ಲೊಮಾ

ಎಸ್ಸೆಸ್ಸೆಲ್ಸಿ ಆದ ಮೇಲೆ 3 ವರ್ಷ, 6 ಸೆಮಿಸ್ಟರ್‌ಗಳ ಓದು. ಜಿಲ್ಲೆಯ ಮಕ್ಕಳಿಗೆ ಚಿಕ್ಕಮಗಳೂರಿನಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಐಟಿಐ ಅಥವಾ ಪಿಯುಸಿ ಸೈನ್ಸ್ ಮುಗಿಸಿದವರು ನೇರವಾಗಿ ಎರಡನೇ ವರ್ಷದ ಡಿಪ್ಲೊಮಾಗೆ ಸೇರಲು ಅವಕಾಶವಿದೆ.

ಡಿಪ್ಲೊಮಾ ಪಾಸಾದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ, ಅಂದ್ರೆ ಮೂರನೇ ಸೆಮಿಸ್ಟರ್‌ಗೆ ಸೇರಬಹುದು. ಡಿಪ್ಲೊಮಾದಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಮೀಸಲಾತಿ ವರ್ಗದವರಿಗೆ ಶೇ 40 ಅಂಕ ಇರಬೇಕು. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ (ಎಐಟಿ) ವಿಟಿಯು ವ್ಯಾಪ್ತಿಗೆ ಬರುತ್ತದೆ.

ಹೀಗೆ ಸೇರಿದವರು 2022ರ ಸ್ಕೀಮ್ ಪ್ರಕಾರ 160ರ ಬದಲು 120 ಕ್ರೆಡಿಟ್ ಗಳಿಸಿದರೆ ಸಾಕು. ಮೊದಲ ವರ್ಷದ 40 ಕ್ರೆಡಿಟ್ ವಿನಾಯಿತಿ. ಸಮಾಜಸೇವೆಯಂಥ ಚಟುವಟಿಕೆಗಳಿಗೆ ಇರುವ ಎಐಸಿಟಿಇ ಪಾಯಿಂಟ್ ಕೂಡ 100ರ ಬದಲು 75. ಆದರೆ ಗಣಿತದಲ್ಲಿ ಎಚ್ಚರ ಬೇಕು. 2018 ಮತ್ತು 2021ರ ಸ್ಕೀಮ್‌ಗಳಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತದ ಎರಡು ಪೇಪರ್ ಇದ್ದವು. ಕ್ರೆಡಿಟ್ ಇರಲಿಲ್ಲ, ಆದರೆ ಪಾಸಾಗದೆ ಡಿಗ್ರಿ ಸಿಗುತ್ತಿರಲಿಲ್ಲ. ತಮ್ಮ ಬ್ಯಾಚಿಗೆ ಯಾವ ನಿಯಮ ಎಂದು ಸೇರುವ ದಿನವೇ ಕಾಲೇಜಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

2. ಐಬಿ ಡಿಪ್ಲೊಮಾ

ನಿಜವಾದ ಅರ್ಥದಲ್ಲಿ ‘ಇಂಟರ್‌ನ್ಯಾಷನಲ್’ ಡಿಪ್ಲೊಮಾ ಅಂದ್ರೆ ಇದು. 1968ರಲ್ಲಿ ಜಿನೀವಾದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಸಂಸ್ಥೆಯದು. ಬೆಂಗಳೂರಿನ ಕೆಲವು ಶಾಲೆಗಳಲ್ಲಿದೆ. 2 ವರ್ಷ, 6 ವಿಷಯ, ಒಟ್ಟು 45 ಅಂಕ, ಪಾಸಾಗಲು ಕನಿಷ್ಠ 24. ನಮ್ಮ ದೇಶದಲ್ಲಿ ಇದನ್ನು 12ನೇ ತರಗತಿಗೆ ಸಮ ಎಂದು ಪರಿಗಣಿಸುತ್ತಾರೆ. ಹೆಸರು ಡಿಪ್ಲೊಮಾ ಆದರೂ ಇದು ಪಾಲಿಟೆಕ್ನಿಕ್‌ನಂತಲ್ಲ. ಇದರಿಂದ ಇಲ್ಲಿ ಬಿಇ ಎರಡನೇ ವರ್ಷಕ್ಕೆ ಹೋಗಲು ಬರಲ್ಲ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಮಾತ್ರ ಇದಕ್ಕೆ ಕ್ರೆಡಿಟ್ ಕೊಡುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೂರ್ಣ ಐಬಿ ಡಿಪ್ಲೊಮಾವನ್ನು 30 ಅಥವಾ ಹೆಚ್ಚು ಅಂಕದೊಂದಿಗೆ ಮುಗಿಸಿದವರಿಗೆ 30 ಕ್ವಾರ್ಟರ್ ಯೂನಿಟ್ ಸಿಗುತ್ತದೆ. ಅಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 180 ಯೂನಿಟ್ ಬೇಕು. ಅಂದ್ರೆ ಆರರಲ್ಲಿ ಒಂದು ಪಾಲು. ಹಾಗಿದ್ದೂ ಯಾವ ವಿಷಯಕ್ಕೆ ವಿನಾಯಿತಿ ಎಂಬುದನ್ನು ಆಯಾ ಕ್ಯಾಂಪಸ್ ನಿರ್ಧರಿಸುತ್ತದೆ.

3. ಖಾಸಗಿ ಸಂಸ್ಥೆಗಳ ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’

ಹೋಟೆಲ್ ಮ್ಯಾನೇಜ್‌ಮೆಂಟ್, ಏವಿಯೇಷನ್, ಬಿಸಿನೆಸ್ ಹೆಸರಿನಲ್ಲಿ ನಡೆಯುವ ಕೋರ್ಸುಗಳಲ್ಲಿ ಒಳ್ಳೆಯವೂ ಇವೆ, ಬರೀ ಸರ್ಟಿಫಿಕೇಟ್ ಕೊಡುವವೂ ಇವೆ. ‘ವಿದೇಶಿ ವಿವಿ ಜೊತೆ ಟೈಅಪ್’ ಎಂದ ಮಾತ್ರಕ್ಕೆ ಮಾನ್ಯತೆ ಬರಲ್ಲ. ತನ್ನ ಮಾನ್ಯತೆ ಇಲ್ಲದ ಒಪ್ಪಂದದಡಿ ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ನೀಡುವ ಪದವಿಗಳು ನಡೆಯುವುದಿಲ್ಲ ಎಂದು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಆನ್‌ಲೈನ್ ಕೋರ್ಸ್ ಮಾರುವ ಕಂಪನಿಗಳಿಗೂ ಆ ಎಚ್ಚರಿಕೆ ಅನ್ವಯ.

ಸ್ಕಾಲರ್‌ಶಿಪ್ ಯಾರಿಗೆ, ಎಲ್ಲಿ?

* ಪ್ರಗತಿ: ಎಐಸಿಟಿಇ ಮಾನ್ಯತೆ ಇರುವ ಡಿಪ್ಲೊಮಾ ಅಥವಾ ಡಿಗ್ರಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಬಾರದು. ಒಂದು ಮನೆಯಿಂದ ಇಬ್ಬರಿಗೆ ಅವಕಾಶ. ಎರಡನೇ ವರ್ಷಕ್ಕೆ ನೇರ ಸೇರಿದವರೂ ಅರ್ಜಿ ಹಾಕಬಹುದು.
* ಸಕ್ಷಮ್: ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅಷ್ಟೇ ಮೊತ್ತ. ಎರಡಕ್ಕೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ.
* ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ: ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ. ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ.
* ಕಾಫಿ ಮಂಡಳಿ: ತೋಟದ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನದ ಯೋಜನೆ ನಡೆಸಿಕೊಂಡು ಬಂದಿದೆ. ಈ ಸಾಲಿನ ಅರ್ಜಿ ಬಗ್ಗೆ ಹತ್ತಿರದ ಕಾಫಿ ಬೋರ್ಡ್ ಆಫೀಸಿನಲ್ಲಿ ವಿಚಾರಿಸಬೇಕು. ಲೈನ್ ಮನೆಗಳಲ್ಲಿರುವವರಿಗೆ ಮಾಲೀಕರು, ರೈಟರ್‌ಗಳು ಈ ವಿಷಯ ತಿಳಿಸಿದರೆ ದೊಡ್ಡ ಉಪಕಾರ.
* ವಿದೇಶದ ಓದಿಗೆ: ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಸ್ನಾತಕೋತ್ತರ ಪದವಿ ಮತ್ತು ಪಿಎಚ್‌ಡಿಗೆ ಮಾತ್ರ. ಡಿಪ್ಲೊಮಾ ಮುಗಿಸಿ ಡಿಗ್ರಿಗೆ ಹೊರಟವರಿಗೆ ಅದು ಸಿಗಲ್ಲ. ಪರಿಶಿಷ್ಟರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ವಿವರ ಸಮಾಜ ಕಲ್ಯಾಣ ಇಲಾಖೆಯಲ್ಲಿ.

ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು. ಹೋಬಳಿ ನಾಡಕಚೇರಿಯಲ್ಲಿ ಫಲಿತಾಂಶಕ್ಕೆ ಮುಂಚೆಯೇ ಮಾಡಿಸಿಟ್ಟುಕೊಂಡರೆ ಕೊನೇ ಗಳಿಗೆಯ ಓಡಾಟ ತಪ್ಪುತ್ತದೆ. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇಲ್ಲದಿದ್ದರೆ ಮಂಜೂರಾದ ಹಣವೂ ಖಾತೆಗೆ ಬೀಳಲ್ಲ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ.

ಫೀಸ್ ಕಟ್ಟುವ ಮುಂಚೆ ಕೇಳಬೇಕಾದ 4 ಪ್ರಶ್ನೆ

1. ಈ ಕೋರ್ಸಿಗೆ ಎಐಸಿಟಿಇ ಅಥವಾ ಯುಜಿಸಿ ಮಾನ್ಯತೆ ಇದೆಯೇ? ಇದ್ದರೆ ಆ ಸಂಸ್ಥೆಗಳ ವೆಬ್‌ಸೈಟ್‌ನಲ್ಲಿ ಹೆಸರು ಕಾಣುತ್ತಾ?
2. ಕ್ರೆಡಿಟ್ ಒಪ್ಪುವ ವಿಶ್ವವಿದ್ಯಾಲಯ ಯಾವುದು? ಎಷ್ಟು ಕ್ರೆಡಿಟ್, ಯಾವ ಕೋರ್ಸಿಗೆ? ಉತ್ತರ ಆ ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ಬರಬೇಕು. ಏಜೆಂಟರ ವಾಟ್ಸಾಪ್ ಮೆಸೇಜ್ ಸಾಲದು.
3. ಸ್ಕಾಲರ್‌ಶಿಪ್ ಕೊಡುವವರು ಯಾರು? ಫೀಸಿನಲ್ಲಿ ಮಾಡುವ ಡಿಸ್ಕೌಂಟ್‌ಗೂ ಕೆಲವರು ಸ್ಕಾಲರ್‌ಶಿಪ್ ಅಂತಾರೆ. ಎರಡನೇ ವರ್ಷವೂ ಸಿಗುತ್ತಾ?
4. ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಾ?

ಇದಕ್ಕೆ ನೇರ ಉತ್ತರ ಸಿಗದೆ ‘ಇವತ್ತೇ ಅಡ್ವಾನ್ಸ್ ಕಟ್ಟಿ, ಸೀಟು ಹೋಗುತ್ತೆ’ ಎಂಬ ಒತ್ತಾಯ ಬಂದರೆ ದುಡ್ಡು ಜೇಬಲ್ಲೇ ಇರಲಿ. ಊರಿನ ಹೈಸ್ಕೂಲ್ ಮೇಷ್ಟ್ರು ಅಥವಾ ಪಾಲಿಟೆಕ್ನಿಕ್ ಕಚೇರಿಯಲ್ಲಿ ಒಮ್ಮೆ ಕೇಳಿ ಬರಲು ಖರ್ಚಾಗೋದು ಬಸ್ ಚಾರ್ಜ್ ಅಷ್ಟೆ.