ಗಾಳಿಗೆ ಲೆಕ್ಕ ಉಂಟು, ಉಸಿರಿಗೆ ಇಲ್ಲ

2020ರ ಏಪ್ರಿಲ್ ಮೊದಲ ವಾರ. ಪಂಜಾಬಿನ ಜಲಂಧರದಲ್ಲಿ ಮಾಳಿಗೆ ಹತ್ತಿ ನಿಂತವರಿಗೆ ಧೌಲಾಧಾರ್ ಬೆಟ್ಟಸಾಲು ಕಾಣಿಸಿತು. ನೂರು ಕಿಲೋಮೀಟರಿಗೂ ಹೆಚ್ಚು ದೂರದ ಹಿಮ. ಎಷ್ಟೋ ವರ್ಷಗಳಿಂದ ಹೊಗೆಯ ಪರದೆ ಮುಚ್ಚಿಟ್ಟಿದ್ದ ಬೆಟ್ಟ. ಪತ್ರಿಕೆಗಳು ಆ ಫೋಟೋ ಹಾಕಿದವು. ಭೂಮಿತಾಯಿ ಉಸಿರಾಡುತ್ತಿದ್ದಾಳೆ ಅಂತ ಬರೆದವು. ಪದ್ಯ ಕಟ್ಟಿದವರೂ ಉಂಟು.

ನಾವು ಆಗ ಬೆಂಗಳೂರಿನ ಹಾಸ್ಟೆಲು ಬಿಟ್ಟು ಊರಿಗೆ ಬಂದಿದ್ದವರು. ಕೇರಿಯ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಆ ಬೆಟ್ಟ ನೋಡಿದೆವು. ಚೆಂದ ಇತ್ತು, ಸುಳ್ಳು ಯಾಕೆ ಹೇಳೋಣ. ಒಳಗೆ ನಮ್ಮವ್ವ ಹಸಿ ಸೌದೆ ಊದುತ್ತಾ ಕೆಮ್ಮುತ್ತಿದ್ದಳು. ಆ ಕೆಮ್ಮು ಕೇಳಿ ಹುಟ್ಟಿದ ಪ್ರಶ್ನೆ ಇದು: ಉಸಿರಾಡಿದ್ದು ಯಾರು?

ಮೊದಲು ಆದದ್ದನ್ನು ಆದಂತೆ ಹೇಳೋಣ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಲಾಕ್‌ಡೌನ್ ಸಾರಿದರು. ಜಾರಿಯಾದದ್ದು ಅದೇ ನಡುರಾತ್ರಿ. ನಾಲ್ಕು ಗಂಟೆಯಲ್ಲಿ ದೇಶಕ್ಕೆ ಬೀಗ ಬಿತ್ತು. ವಾಹನ, ಕಾರ್ಖಾನೆ, ಕಟ್ಟಡದ ಕೆಲಸ ಎಲ್ಲ ನಿಂತವು. ಗಾಳಿಯಲ್ಲಿ ಪಿಎಂ 2.5 ಅನ್ನೋ ಧೂಳಿದೆ. ಒಂದು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಮೂಗು ತಡೆಯಲಾರದ್ದು, ಶ್ವಾಸಕೋಶ ದಾಟಿ ರಕ್ತಕ್ಕೆ ಇಳಿಯುವಂಥದ್ದು. ದೆಹಲಿಯಲ್ಲಿ ಅದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ವಾಹನಗಳ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಬೆಂಗಳೂರಿನಲ್ಲೂ ಧಡಕ್ಕನೆ ಇಳಿಯಿತು. ಇದರಿಂದ ಒಂದು ಮಾತು ಖಚಿತವಾಯ್ತು: ನಗರದ ಹೊಗೆ ದೇವರು ಕೊಟ್ಟದ್ದಲ್ಲ, ಹಣೆಬರಹವೂ ಅಲ್ಲ. ಮನುಷ್ಯ ಮಾಡಿದ್ದು, ಮನುಷ್ಯ ನಿಲ್ಲಿಸಬಹುದಾದದ್ದು. ಈ ಸತ್ಯ ನಮಗೂ ಬೇಕು. ಬಿಟ್ಟುಕೊಡುವ ಮಾತಿಲ್ಲ.

ಆದರೆ ಗಾಳಿಗೂ ಚರಿತ್ರೆ ಇದೆ ಗೆಳೆಯರೆ. ಅದನ್ನು ಬಲ್ಲವರಿಗೆ 2020 ಹೊಸದಲ್ಲ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. 2020ರಲ್ಲಿ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ ಕಾಯ್ದೆಯನ್ನು. ಪ್ಲೇಗಿನ ರೋಗಾಣು 1894ರಲ್ಲೇ ಪತ್ತೆಯಾಗಿತ್ತು. ಆದರೂ ಅಧಿಕಾರಿಗಳ ತಲೆಯಲ್ಲಿ ಇದ್ದದ್ದು ಹಳೇ ನಂಬಿಕೆ: ಕೆಟ್ಟ ಗಾಳಿಯಿಂದ ರೋಗ, ಕೆಟ್ಟ ಗಾಳಿ ಅಂದರೆ ಬಡವರ ಕೇರಿ. 1898ರಲ್ಲಿ ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟು ಹುಟ್ಟಿತು. ಊರಿಗೆ ಗಾಳಿ ಬರಲಿ ಅಂತ ಇಕ್ಕಟ್ಟಾದ ವಠಾರಗಳನ್ನು ಕೆಡವಿ ಅಗಲ ರಸ್ತೆ ತೆಗೆಯಿತು. ಗಾಳಿ ಬಂತು. ವಠಾರದಲ್ಲಿದ್ದವರು ಮತ್ತೊಂದು ಇಕ್ಕಟ್ಟಿಗೆ ಹೋದರು.

ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲೇ. ಅಗಲ ಬೀದಿ, ಮರಗಳ ಸಾಲು, ಮನೆ ಸುತ್ತ ಬಯಲು. ಇವತ್ತಿಗೂ ಹಳೇ ಬಡಾವಣೆಗಳಲ್ಲಿ ನೋಡಿ, ಮನೆಗಳ ಬೆನ್ನಿಗೆ ಒಂದು ಕಿರುಓಣಿ ಇರುತ್ತೆ. ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದ ಬಂದು ಹೋಗಲಿ ಅಂತ ಮಾಡಿದ ದಾರಿ ಅದು. ಮುಂದುಗಡೆ ಗಾಳಿ ಬೆಳಕು, ಹಿಂದುಗಡೆ ನಮ್ಮವರು. ನಗರದ ನಕ್ಷೆ ಬರೆದವರಿಗೆ ಗಾಳಿ ಯಾರಿಗೆ, ನಾತ ಯಾರಿಗೆ ಅನ್ನೋದು ಚೆನ್ನಾಗಿ ಗೊತ್ತಿತ್ತು.

ಪ್ಲೇಗು ಬಂದಾಗ ಹಳ್ಳಿಗಳಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿತ್ತು. ಊರ ಹೊರಗಿನ ಬದುಕು ಏನು ಅನ್ನೋದು ಊರಿನವರಿಗೆ ಕೆಲವು ತಿಂಗಳ ಮಟ್ಟಿಗೆ ಗೊತ್ತಾಯ್ತು. ರೋಗ ಹೋದಮೇಲೆ ಅವರು ಒಳಗೆ ಹೋದರು. ನಾವು ಹೊರಗೇ ಉಳಿದೆವು. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತೆ, ನಮ್ಮ ಕೇರಿ ಊರಿನ ಮೂಡಲಿಗಿದೆ. ಊರನ್ನು ಮುಟ್ಟಿ ಬಂದ ಗಾಳಿ ನಮಗೆ ಸಿಕ್ಕಬಹುದು, ನಮ್ಮನ್ನು ಮುಟ್ಟಿದ ಗಾಳಿ ಊರಿಗೆ ಸೋಕಬಾರದು.

ಆ ಪ್ಲೇಗಿನ ಚರಿತ್ರೆಯಲ್ಲೇ ಇನ್ನೊಂದು ಹಾಳೆಯೂ ಇದೆ. ಪುಣೆಯ ಹತ್ತಿರ ಸಾವಿತ್ರಿಬಾಯಿ ಫುಲೆ, ಮಗ ಯಶವಂತ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ರೋಗ ತಗುಲಿದ ದಲಿತ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಮುಟ್ಟಬೇಡಿ ಅನ್ನೋ ಕಾಲದಲ್ಲಿ ಮುಟ್ಟಿದವರು ಅವರು. ನಮ್ಮ ಅಕ್ಷರದ ತಾಯಿ ಅಂತ ಸುಮ್ಮನೆ ಕರೆಯುವುದಿಲ್ಲ.

ಈಗ 2020ರ ಮೇ ತಿಂಗಳ ನಾಲ್ಕೇ ದಿನ ತೆಗೆದುಕೊಳ್ಳಿ. ಮೇ 5ರಂದು ಬೆಂಗಳೂರಿನಲ್ಲಿ ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ಆಯ್ತು. ಆಮೇಲೆ ವಲಸೆ ಕಾರ್ಮಿಕರ ರೈಲುಗಳು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ನಾಡಿನಾದ್ಯಂತ ಛೀಮಾರಿ ಬಿದ್ದಮೇಲೆ ಹಿಂತೆಗೆದುಕೊಂಡಿತು. ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ, ಲಾಕ್‌ಡೌನಿನಿಂದ ನಿಂತಿದ್ದ ಪಾಲಿಮರ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಅನಿಲ ಸೋರಿತು. ಪಕ್ಕದ ವೆಂಕಟಾಪುರದ ಜನ ನಿದ್ದೆಯಲ್ಲಿದ್ದರು. ಹನ್ನೆರಡು ಜೀವ ಹೋಯ್ತು. ಮೇ 8ರ ನಸುಕಿನಲ್ಲಿ ಔರಂಗಾಬಾದಿನ ಬಳಿ, ನಡೆದು ನಡೆದು ದಣಿದು ಹಳಿ ಮೇಲೇ ಮಲಗಿದ್ದ ಹದಿನಾರು ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಹಳಿ ಪಕ್ಕ ರೊಟ್ಟಿಗಳು ಚೆಲ್ಲಿದ್ದವು. ಇದು ನಡೆದದ್ದೂ ಗಾಳಿ ಶುದ್ಧವಾಗಿದ್ದ ದಿನಗಳಲ್ಲೇ.

2020ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಒಂದು ಕೋಟಿಗೂ ಹೆಚ್ಚು ಕಾರ್ಮಿಕರು ಊರಿಗೆ ಮರಳಿದ್ದಾರೆ ಅಂತ ಕೇಂದ್ರ ಸರ್ಕಾರ ಹೇಳಿತು. ದಾರಿಯಲ್ಲಿ ಸತ್ತವರೆಷ್ಟು? ಅದರ ಅಂಕಿ ಅಂಶ ಇಲ್ಲ ಅಂದಿತು. ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳಿದೆ ಅಂತ ಗಂಟೆಗಂಟೆಗೂ ಅಳೆಯುವ ಯಂತ್ರ ಈ ದೇಶದಲ್ಲಿತ್ತು. ರಸ್ತೆಯಲ್ಲಿ ಬಿದ್ದ ಹೆಣ ಎಣಿಸುವ ಪುಸ್ತಕ ಇರಲಿಲ್ಲ. ಗಾಳಿಗೆ ಲೆಕ್ಕ ಇತ್ತು. ಉಸಿರಿಗೆ ಇರಲಿಲ್ಲ.

ಅಳೆಯುವ ಯಂತ್ರಗಳಾದರೂ ಎಲ್ಲಿವೆ? ಬಹುಪಾಲು ನಗರಗಳಲ್ಲಿ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ನಮ್ಮವ್ವನ ಒಲೆ ಮುಂದೆ ಯಾರೂ ಯಂತ್ರ ಇಟ್ಟಿಲ್ಲ. ಸೌದೆ, ಬೆರಣಿ ಒಲೆಯ ಹೊಗೆಯಲ್ಲಿರುವುದೂ ಅದೇ ಪಿಎಂ 2.5. ನಗರದಲ್ಲಿ ವಾಹನ ನಿಂತ ದಿನ ಗುಡಿಸಲಿನಲ್ಲಿ ಒಲೆ ನಿಲ್ಲಲಿಲ್ಲ. ಉಣ್ಣುವ ಬಾಯಿಗಳೆಲ್ಲ ಮನೆಗೆ ಬಂದಿದ್ದವಲ್ಲ, ಇನ್ನಷ್ಟು ಹೊತ್ತು ಉರಿಯಿತು. 2020ರ ಏಪ್ರಿಲಿನಿಂದ ಜೂನ್‌ವರೆಗೆ ಉಜ್ವಲಾ ಯೋಜನೆಯವರಿಗೆ ಮೂರು ಸಿಲಿಂಡರು ಪುಕ್ಕಟೆ ಅಂದರು. ಮೂರು ಮುಗಿದಮೇಲೆ? ಕೂಲಿ ಇಲ್ಲದವರು ನಾಲ್ಕನೆಯದನ್ನು ಏನು ಕೊಟ್ಟು ತರುವುದು?

ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಲಾಕ್‌ಡೌನ್ ಇರಲಿಲ್ಲ. ಅವರಲ್ಲಿ ಬಹುತೇಕರು ದಲಿತರು, ಅದರಲ್ಲೂ ಹೆಣ್ಣುಮಕ್ಕಳು. ಊರು ಮಾಸ್ಕು ಹಾಕಿಕೊಂಡು ಬಾಗಿಲು ಮುಚ್ಚಿತ್ತು, ಇವರು ಅದೇ ಊರಿನ ಮಾಸ್ಕು ಎತ್ತುತ್ತಿದ್ದರು. ಮ್ಯಾನ್‌ಹೋಲಿನ ಗಾಳಿಯ ಮಾತಂತೂ ಕೇಳಲೇಬೇಡಿ. 2013ರಲ್ಲಿ ಕಾಯ್ದೆ ಬಂದರೂ, 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಅಂದರೂ, 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿದರೂ, ಒಳಗಿನ ವಿಷಾನಿಲ ಹಾಗೇ ಇದೆ. ಇಳಿಯುವವರ ಜಾತಿಯೂ ಹಾಗೇ ಇದೆ. ಪರಿಹಾರ ಏರಿದೆ, ಮನುಷ್ಯ ಇಳಿಯುವುದು ತಪ್ಪಿಲ್ಲ.

2020ರ ನವೆಂಬರಿಗೆ ದೆಹಲಿಯ ಗಾಳಿ ಮತ್ತೆ ವಿಷವಾಯ್ತು. ಬೆಟ್ಟಗಳು ಮತ್ತೆ ಮುಸುಕು ಹಾಕಿದವು. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕದ ಕೊರತೆಯಿಂದ ಅಂತ ನಾಡೆಲ್ಲ ಅತ್ತಿತು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಆಮ್ಲಜನಕ ಸಿಗದೆ ಸತ್ತರು ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂದಿತು. ಮತ್ತೆ ಅದೇ ಲೆಕ್ಕ.

ಶುದ್ಧ ಗಾಳಿ ಬೇಡ ಅಂತ ನಾವು ಹೇಳ್ತಿಲ್ಲ. ಎಲ್ಲರಿಗಿಂತ ಹೆಚ್ಚು ಬೇಕಾದದ್ದು ನಮಗೇ. ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗ ಅಂತ 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಕೂಲಿಯವನ ಅನ್ನ ನಿಲ್ಲಿಸಿ ಪಡೆದ ನೀಲಿ ಆಕಾಶವನ್ನು ನಾವು ಹಬ್ಬ ಅಂತ ಕರೆಯಲಾರೆವು. ಬೀಗ ಹಾಕದೆಯೂ ಹೊಗೆ ಇಳಿಸಬಹುದು. ಬಸ್ಸು ಹೆಚ್ಚಿಸಿ. ಕಟ್ಟಡದ ಧೂಳಿಗೆ ಕಟ್ಟಿಸುವವನನ್ನು ಹೊಣೆ ಮಾಡಿ. ಒಲೆಗೆ ಬಡವರ ಕೈಗೆಟುಕುವ ಇಂಧನ ಕೊಡಿ. ಮ್ಯಾನ್‌ಹೋಲಿಗೆ ಯಂತ್ರ ಇಳಿಸಿ. ಅಳೆಯುವ ಯಂತ್ರವನ್ನು ಕೇರಿಗೂ ತನ್ನಿ.

1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಬಾಬಾಸಾಹೇಬರು ಇಳಿದದ್ದು ಬರೀ ಬಾಯಾರಿಕೆಗಲ್ಲ, ನೀರು ಎಲ್ಲರದೂ ಅಂತ ಹೇಳುವುದಕ್ಕೆ. ಗಾಳಿಯ ಕೆರೆಗೆ ಇಳಿಯುವುದು ಬಾಕಿ ಇದೆ. ಮೇಷ್ಟ್ರುಗಳೇ, ನಾಳೆ ಕ್ಲಾಸಿನಲ್ಲಿ ಮಕ್ಕಳಿಗೆ ಹಿಮದ ಬೆಟ್ಟದ ಫೋಟೋ ತೋರಿಸಿ, ಬೇಡ ಅನ್ನೋದಿಲ್ಲ. ಆಮೇಲೆ ಒಂದು ಮಾತು ಕೇಳಿ: ನಿಮ್ಮ ಮನೇಲಿ ಒಲೆ ಊದೋರು ಯಾರು, ಅವರಿಗೆ ಕೆಮ್ಮು ಎಷ್ಟು ವರ್ಷದಿಂದ? ಮಕ್ಕಳು ಹೇಳುವುದನ್ನು ಬರೆದಿಟ್ಟುಕೊಳ್ಳಿ. ಸರ್ಕಾರ ಇಡದ ಲೆಕ್ಕದ ಪುಸ್ತಕ ಅಲ್ಲಿಂದ ಶುರುವಾಗಲಿ.