ಧಾತು ಸಂವತ್ಸರದ ಬರ

ಕ್ರಿ.ಶ. 1876, ಧಾತು ಸಂವತ್ಸರ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ನದಿಗಳ ಸೀಮೆಯಲ್ಲಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳು ಮುಗಿಲು ನೋಡುತ್ತ ಕುಳಿತಿದ್ದವು. ಅಂದು ಇವು ಮುಂಬೈ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿದ್ದವು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಹೆಮ್ಮೆಪಟ್ಟ ನಾಡು ಇದು. ಆ ವರ್ಷ ಮುಂಗಾರು ಕೈಕೊಟ್ಟಿತು, ಹಿಂಗಾರೂ ಒಲಿಯಲಿಲ್ಲ. ಎರೆಭೂಮಿ ಬಿರಿದು ಬಾಯಿಬಿಟ್ಟಿತು.

ಹಿರಿಯರು ಇಂಥ ಕಾಲಕ್ಕೆಂದೇ ಹಗೇವು ತೋಡಿದ್ದರು. ಗಟ್ಟಿ ನೆಲದಲ್ಲಿ ಆಳಕ್ಕೆ ಅಗೆದು, ಸುತ್ತ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಒಳ್ಳೆಯ ಹಗೇವಿನ ಕಾಳು ವರ್ಷಗಟ್ಟಲೆ ಬಾಳುತ್ತಿತ್ತು. ಆದರೆ ಹಗೇವು ಇದ್ದದ್ದು ಉಳ್ಳವರ ಮನೆಯಲ್ಲಿ. ಕೂಲಿಯವನ ಪಾಲಿಗೆ ಇದ್ದದ್ದು ಸಂತೆಯೊಂದೇ, ಅಲ್ಲಿ ಧಾರಣೆ ಏರುತ್ತಲೇ ಹೋಯಿತು.

ನಾಡಿನಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ರೈಲು ಸೊಲ್ಲಾಪುರದ ಮೇಲೆ ಹಾದುಹೋಗುತ್ತಿತ್ತು. ಅಲ್ಲಿಂದ ಈಚೆಗೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಬಿದ್ದುಹೋಗುತ್ತಿದ್ದಾಗ ಗಾಡಿ ಹೂಡುವವರಾರು? ಬಂದ ಕಾಳಿನ ಬೆಲೆಯ ಮೇಲೆ ಬಾಡಿಗೆಯೂ ಏರಿ ಕೂತಿತು. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬುದು ವೈಸರಾಯ್ ಲಿಟ್ಟನ್ನನ ನೀತಿ. ಅವನು ಕಳಿಸಿದ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಪರಿಹಾರ ಕಾಮಗಾರಿಯ ಕೂಲಿ ಗೊತ್ತುಮಾಡಿದ: ದುಡಿವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಅಷ್ಟನ್ನು ತಿಂದು ಇಡೀ ದಿನ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಬೇಳೆ, ಎಣ್ಣೆ, ಕಾಯಿಪಲ್ಲೆ ಆ ಒಂದಾಣೆಯಲ್ಲಿ ಎಲ್ಲಿಂದ ಬಂದೀತು? ಮುಂಬೈ ಇಲಾಖೆಯ ಜನ ಕೆಲಸ ಬಿಟ್ಟು ಪ್ರತಿಭಟಿಸಿದರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಸ್ಥೆ ಅವರ ಸಂಕಟವನ್ನು ಸರ್ಕಾರಕ್ಕೆ ಬರೆದು ತಿಳಿಸಿತು.

1872ರಲ್ಲಿ ಎಂಟು ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಎಣಿಕೆಯಲ್ಲಿ ಆರೂವರೆ ಲಕ್ಷದೊಳಗೆ ಇಳಿಯಿತು. ಸತ್ತವರೆಷ್ಟೋ, ನಿಜಾಮನ ಸೀಮೆಗೆ ಗುಳೆ ಹೋದವರೆಷ್ಟೋ.

ಈ ಹಾನಿಯ ತರುವಾಯ ಬರದ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಸ್ಟ್ರೇಚಿ ಆಯೋಗದ ವರದಿ 1880ರಲ್ಲಿ ಬಂತು. ಅದರ ಜಾಡಿನಲ್ಲಿ ಬರಗಾಲದ ಪರಿಹಾರಕ್ಕೆ ನಿಯಮಗಳ ಕ್ಷಾಮ ಸಂಹಿತೆ ರೂಪುಗೊಂಡಿತು, ಬರಪೀಡಿತ ಸೀಮೆಗಳಿಗೆ ರೈಲು ಹಾಕುವ ನಿರ್ಧಾರವಾಯಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ಹಳಿ ಹಾಸಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಆ ಹಾದಿಯಲ್ಲೇ ಇವೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲು ಇಂದಿಗೂ ಬಂದಿಲ್ಲ. ಹಳಿ ಬಂದ ಮೇಲೂ 1896ರಲ್ಲಿ ಮತ್ತೆ ಬರ ಎರಗಿತು. ಧಾನ್ಯ ಹತ್ತಿರ ಬಂದರೂ ಕೊಳ್ಳುವ ಕೈಯಲ್ಲಿ ಕಾಸಿಲ್ಲದಿದ್ದರೆ ಹೊಟ್ಟೆ ತುಂಬುವುದಿಲ್ಲ.

ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಗೆ ಹಸಿದವರಿಗೆ ಉಣಿಸುವ ದಾಸೋಹ ಹೊಸದಲ್ಲ. 2002ರಲ್ಲಿ ಕರ್ನಾಟಕ ಸರ್ಕಾರ ಅಕ್ಷರ ದಾಸೋಹವನ್ನು ಮೊದಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ಈ ತಾಲ್ಲೂಕುಗಳಿದ್ದ ಬಿಜಾಪುರವೂ ಒಂದು. ಶಾಲೆಯಲ್ಲಿ ಮಗುವಿಗೆ ಬಿಸಿಯೂಟ, ಮನೆಗೆ ಪಡಿತರ: ಲಿಟ್ಟನ್ನನ ಸರ್ಕಾರ ತನ್ನದಲ್ಲವೆಂದ ಹೊಣೆಯನ್ನು ಪ್ರಜಾಸರ್ಕಾರ ತನ್ನದೆಂದಿತು. ಆ ಹೊಣೆ ಅಕ್ಕಿಗೇ ಮುಗಿಯಬಾರದು. ಈ ನೆಲದ ಬಿಳಿಜೋಳ, ತೊಗರಿ, ಕಡಲೆ ಸಾಕಷ್ಟು ಪ್ರಮಾಣದಲ್ಲಿ, ಬಡವನ ಕೈಗೆಟಕುವ ದರದಲ್ಲಿ ಪಡಿತರದಂಗಡಿಗೆ ಬರಬೇಕು. ಜೋಳ ಬೆಳೆಯುವ ಸೀಮೆಯಲ್ಲಿ ರೊಟ್ಟಿ ದುಬಾರಿಯಾದರೆ ಏನಾಗುತ್ತದೆಂಬುದನ್ನು ಧಾತು ಸಂವತ್ಸರ ಒಮ್ಮೆ ತೋರಿಸಿದೆ, ಅಷ್ಟು ಸಾಕು.