ತೂಕ ಇಳಿಸುವ ಮಾತ್ರೆಯಿಂದ ಹೃದಯಕ್ಕೆ ಹಾನಿ: ಫೆನ್-ಫೆನ್ ಪರಿಹಾರದ ಪಾಠ

ವೈದ್ಯರ ಚೀಟಿ ತೋರಿಸಿ ಕೊಂಡ ಔಷಧವೇ ದೇಹಕ್ಕೆ ಮುಳುವಾದರೆ ಪರಿಹಾರ ಕೇಳಬೇಕಾದದ್ದು ಯಾರನ್ನು? ಯಾವ ಆಧಾರದ ಮೇಲೆ? ಈ ಪ್ರಶ್ನೆಗಳು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಅಮೆರಿಕದಲ್ಲಿ, 'ಫೆನ್-ಫೆನ್' ಎಂಬ ತೂಕ ಇಳಿಸುವ ಜೋಡಿ ಔಷಧದ ಪ್ರಕರಣದಲ್ಲಿ. ಔಷಧ ಹಾನಿ ಮಾಡುತ್ತದೆ ಎಂಬುದು ವಿಜ್ಞಾನದಿಂದ ಸಾಬೀತಾದ ಮೇಲೂ, 'ನನಗೇ ಹಾನಿಯಾಗಿದೆ' ಎಂದು ತೋರಿಸುವ ಹೊಣೆ ರೋಗಿಯ ಮೇಲೆಯೇ ಉಳಿಯಿತು. ಆ ಪ್ರಕರಣ ಕಲಿಸಿದ ಮುಖ್ಯ ಪಾಠವೇ ಇದು.

ಏನಿದು ಫೆನ್-ಫೆನ್?

ಫೆನ್‌ಫ್ಲುರಮಿನ್ ಮತ್ತು ಫೆಂಟರ್ಮಿನ್ ಎಂಬ ಎರಡು ಔಷಧಗಳ ಜೋಡಿಗೆ ಜನ ಇಟ್ಟ ಹೆಸರು ಫೆನ್-ಫೆನ್. ಎರಡೂ ಹಸಿವನ್ನು ತಗ್ಗಿಸುವಂಥವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ ಇವುಗಳಿಗೆ ಬೇರೆ ಬೇರೆಯಾಗಿ ಅನುಮತಿ ನೀಡಿತ್ತೇ ಹೊರತು ಜೋಡಿಯಾಗಿ ಬಳಸಲು ಎಂದೂ ಅನುಮತಿ ನೀಡಿರಲಿಲ್ಲ. 1992ರಲ್ಲಿ 121 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾದ ನಂತರ ವೈದ್ಯರು ಇವೆರಡನ್ನೂ ಒಟ್ಟಿಗೆ ಬರೆದುಕೊಡಲಾರಂಭಿಸಿದರು. 1996ರ ಏಪ್ರಿಲ್‌ನಲ್ಲಿ ಇದೇ ಬಳಗದ 'ರೆಡಕ್ಸ್' ಮಾತ್ರೆಯೂ ಮಾರುಕಟ್ಟೆಗೆ ಪ್ರವೇಶ ಪಡೆಯಿತು. ಆ ಒಂದೇ ವರ್ಷದಲ್ಲಿ ಫೆನ್‌ಫ್ಲುರಮಿನ್ ಹಾಗೂ ಫೆಂಟರ್ಮಿನ್‌ಗಾಗಿ ಬರೆದ ಚೀಟಿಗಳ ಸಂಖ್ಯೆ 1 ಕೋಟಿ 80 ಲಕ್ಷವನ್ನು ಮೀರಿತ್ತು.

1997ರ ಜುಲೈನಲ್ಲಿ ಮೇಯೊ ಕ್ಲಿನಿಕ್ ವೈದ್ಯರು 24 ಮಹಿಳೆಯರ ಪ್ರಕರಣಗಳನ್ನು ಬಹಿರಂಗಪಡಿಸಿದರು. ಔಷಧ ಸೇವಿಸಿದ್ದ ಅವರೆಲ್ಲರ ಹೃದಯದ ಕವಾಟಗಳಲ್ಲಿ ಅಸಹಜ ದೋಷ ಕಂಡುಬಂದಿತ್ತು. ಫೆನ್‌ಫ್ಲುರಮಿನ್ ದೇಹದಲ್ಲಿ ವಿಭಜನೆಗೊಂಡಾಗ ಉಂಟಾಗುವ ನಾರ್‌ಫೆನ್‌ಫ್ಲುರಮಿನ್ ಎಂಬ ವಸ್ತು ಕವಾಟದ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ದಪ್ಪವಾದ ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಮಾರಕ ಕಾಯಿಲೆಯ ಅಪಾಯವೂ 1996ರಲ್ಲೇ ವರದಿಯಾಗಿತ್ತು. 1997ರ ಸೆಪ್ಟೆಂಬರ್ 15ರಂದು ಫೆನ್‌ಫ್ಲುರಮಿನ್ ಮತ್ತು ರೆಡಕ್ಸ್ ಎರಡನ್ನೂ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು.

ದಾವೆಯ ತಿರುಳು

ಔಷಧ ಮಾರಿದ ಅಮೆರಿಕನ್ ಹೋಮ್ ಪ್ರಾಡಕ್ಟ್ಸ್ ಕಂಪನಿಯ ವಿರುದ್ಧ ಸಾವಿರಾರು ದಾವೆಗಳು ಹೂಡಲ್ಪಟ್ಟವು. ಈ ಕಂಪನಿ 2002ರಲ್ಲಿ ವೈಯತ್ ಎಂದು ಹೆಸರು ಬದಲಿಸಿಕೊಂಡು, 2009ರಲ್ಲಿ ಫೈಜರ್ ಪಾಲಾಯಿತು. ಅಡ್ಡ ಪರಿಣಾಮವಿದೆ ಎಂಬ ಒಂದೇ ಕಾರಣಕ್ಕೆ ಅಮೆರಿಕದ ಕಾನೂನಿನಲ್ಲಿ ಔಷಧ ಕಂಪನಿ ಹೊಣೆಯಾಗುವುದಿಲ್ಲ. ಅಪಾಯ ತಿಳಿದಿದ್ದೂ ಅಥವಾ ತಿಳಿಯಬೇಕಾಗಿದ್ದೂ ಎಚ್ಚರಿಸಲಿಲ್ಲವೆಂದು ತೋರಿಸಬೇಕು. ವೈದ್ಯರ ಚೀಟಿಯ ಔಷಧವಾದರೆ ಎಚ್ಚರಿಕೆ ತಲುಪಬೇಕಾದದ್ದು ಸಾಮಾನ್ಯವಾಗಿ ವೈದ್ಯರಿಗೆ. ಆದ್ದರಿಂದ ಲೇಬಲ್‌ನಲ್ಲಿ ಏನಿತ್ತು, ಸರಿಯಾದ ಎಚ್ಚರಿಕೆ ಇದ್ದಿದ್ದರೆ ವೈದ್ಯರು ಆ ಔಷಧ ಬರೆಯುತ್ತಿದ್ದರೇ ಎಂಬುದೇ ವಾದದ ಕೇಂದ್ರವಾಯಿತು.

1999ರ ಅಕ್ಟೋಬರ್‌ನಲ್ಲಿ ಕಂಪನಿ 375 ಕೋಟಿ ಡಾಲರ್ ಮೊತ್ತದ ರಾಷ್ಟ್ರವ್ಯಾಪಿ ರಾಜಿಗೆ ಮುಂದಾಯಿತು. ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಲಯ 2000ದ ಆಗಸ್ಟ್‌ನಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ರಾಜಿ ಒಪ್ಪದವರು ಹೊರಗುಳಿದು ಸ್ವಂತವಾಗಿ ದಾವೆ ಹೂಡಬಹುದಿತ್ತು. ಶ್ವಾಸಕೋಶದ ಮಾರಕ ಕಾಯಿಲೆಯ ದಾವೆಗಳನ್ನು ರಾಜಿಯಿಂದ ಹೊರಗಿಡಲಾಯಿತು. ಅಂಥ ಒಂದು ಸಾವಿನ ಪ್ರಕರಣದಲ್ಲಿ 2004ರಲ್ಲಿ ಟೆಕ್ಸಾಸ್‌ನ ಜ್ಯೂರಿ 100 ಕೋಟಿ ಡಾಲರ್‌ಗೂ ಮೀರಿದ ಪರಿಹಾರ ಘೋಷಿಸಿತ್ತು.

ಎಕೋ ಪರೀಕ್ಷೆಯೇ ಸಾಕ್ಷಿ

ರಾಜಿಯಲ್ಲಿ ಪರಿಹಾರ ನಿರ್ಧಾರವಾದದ್ದು ಕೋಷ್ಟಕದ ಮೂಲಕ. ಔಷಧವನ್ನು 60 ದಿನಗಳಿಗಿಂತ ಹೆಚ್ಚು ಸೇವಿಸಿದ್ದಾರೆಯೇ, ಕವಾಟದ ಹಾನಿ ಎಷ್ಟು, ರೋಗಿಯ ವಯಸ್ಸೆಷ್ಟು, ಹಾನಿಗೆ ಬೇರೆ ಕಾರಣವಿದೆಯೇ ಎಂಬ ಅಂಶಗಳನ್ನು ಆಧರಿಸಿ ಗರಿಷ್ಠ ಸುಮಾರು 15 ಲಕ್ಷ ಡಾಲರ್‌ವರೆಗೆ ಪರಿಹಾರವಿತ್ತು. ಹೃದಯದ ಎಕೋ ಪರೀಕ್ಷೆ ಕಡ್ಡಾಯವಾಗಿತ್ತು. 2003ರ ಜನವರಿ 3ರ ಗಡುವಿನೊಳಗೆ ಅದನ್ನು ಮಾಡಿಸಿರಬೇಕಿತ್ತು. ಮೈಟ್ರಲ್ ಕವಾಟದ ಸೋರಿಕೆಯನ್ನು 'ಮಧ್ಯಮ' ಎಂದು ಪರಿಗಣಿಸಲು, ಹಿಂದಕ್ಕೆ ಚಿಮ್ಮುವ ರಕ್ತ ಎಡ ಹೃತ್ಕರ್ಣದ ವಿಸ್ತೀರ್ಣದ ಶೇ 20ರಷ್ಟನ್ನಾದರೂ ಆವರಿಸಬೇಕಿತ್ತು.

ಆ ಶೇಕಡಾವಾರು ಲೆಕ್ಕವೇ ಮುಂದೆ ಕದನಕ್ಕೆ ಕಾರಣವಾಯಿತು. ಕೆಲವು ಹೃದ್ರೋಗ ತಜ್ಞರು ರಾಶಿ ರಾಶಿ ಪರೀಕ್ಷೆಗಳಿಗೆ ವೈದ್ಯಕೀಯವಾಗಿ ಒಪ್ಪಲಾಗದ ವರದಿ ಬರೆದಿದ್ದಾರೆಂದು ತಿಳಿದುಬಂದಾಗ, 2002ರ ನವೆಂಬರ್‌ನಲ್ಲಿ ನ್ಯಾಯಾಧೀಶ ಹಾರ್ವೆ ಬಾರ್ಟಲ್ ಕೋಷ್ಟಕದಡಿಯ ಪ್ರತಿಯೊಂದು ಕೋರಿಕೆಯನ್ನೂ ಪರಿಶೋಧಿಸಲು ಆದೇಶಿಸಿದರು. ಸುಳ್ಳು ಕೋರಿಕೆಗಳ ನಡುವೆ ನಿಜವಾಗಿ ನೊಂದವರೂ ವರ್ಷಗಟ್ಟಲೆ ಕಾಯಬೇಕಾಯಿತು. ವಿವಾದ ತಗ್ಗಿಸಲು 2005ರಲ್ಲಿ ಇನ್ನೂ 127.5 ಕೋಟಿ ಡಾಲರ್‌ವರೆಗಿನ ಪ್ರತ್ಯೇಕ ನಿಧಿ ರೂಪುಗೊಂಡಿತು. ಒಟ್ಟಾರೆ ವೆಚ್ಚಕ್ಕಾಗಿ ವೈಯತ್ ಮೀಸಲಿಟ್ಟ ಹಣ 2,100 ಕೋಟಿ ಡಾಲರ್ ದಾಟಿತು.

ಬೇಲಿಯೇ ಹೊಲ ಮೇಯ್ದ ನಿದರ್ಶನವೂ ಇದೆ. ಕೆಂಟಕಿ ರಾಜ್ಯದಲ್ಲಿ ಸುಮಾರು 440 ಕಕ್ಷಿದಾರರ ಪರವಾಗಿ 2001ರಲ್ಲಿ 20 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡ ವಕೀಲರು ಅವರಿಗೆ ತಲುಪಿಸಿದ್ದು ಅರ್ಧಕ್ಕಿಂತಲೂ ಕಡಿಮೆ. ಇಬ್ಬರು ವಕೀಲರಿಗೆ 2009ರಲ್ಲಿ ತಲಾ 25 ಮತ್ತು 20 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಫ್ರಾನ್ಸ್ ಹಿಡಿದ ಬೇರೆ ಹಾದಿ

ಇದೇ ರಾಸಾಯನಿಕ ಬಳಗದ 'ಮೀಡಿಯಾಟರ್' ಔಷಧ ಫ್ರಾನ್ಸ್‌ನಲ್ಲಿ 1976ರಿಂದ 2009ರವರೆಗೆ ಮಾರಾಟದಲ್ಲಿತ್ತು. ಮಧುಮೇಹಿಗಳಿಗೆಂದು ಅನುಮತಿ ಪಡೆದ ಇದನ್ನು ತೂಕ ಇಳಿಸಲೂ ಬರೆದುಕೊಡಲಾಗುತ್ತಿತ್ತು. ಸುಮಾರು 50 ಲಕ್ಷ ಜನ ಇದನ್ನು ಸೇವಿಸಿದ್ದರು. ಬ್ರೆಸ್ಟ್ ನಗರದ ಶ್ವಾಸಕೋಶ ತಜ್ಞೆ ಐರೀನ್ ಫ್ರಾಶೋನ್ ಪಟ್ಟುಹಿಡಿದು ಇದರ ಅಪಾಯವನ್ನು ಬೆಳಕಿಗೆ ತಂದರು. 2011ರಲ್ಲಿ ಫ್ರಾನ್ಸ್ ಸರ್ಕಾರ ಸಾರ್ವಜನಿಕ ಪರಿಹಾರ ವ್ಯವಸ್ಥೆಯೊಂದನ್ನು ರೂಪಿಸಿತು. ಅದರಡಿ ತಜ್ಞರ ಸಮಿತಿ ರೋಗಿಯ ಕಡತ ಪರಿಶೀಲಿಸಿ ಅಭಿಪ್ರಾಯ ನೀಡುತ್ತದೆ. ಆ ಬಳಿಕ ಕಂಪನಿ ಪರಿಹಾರದ ಪ್ರಸ್ತಾವ ಮುಂದಿಡಬೇಕು. 2021ರಲ್ಲಿ ಪ್ಯಾರಿಸ್ ನ್ಯಾಯಾಲಯ ಸರ್ವಿಯೆ ಕಂಪನಿಯನ್ನು ವಂಚನೆ ಹಾಗೂ ನಿರ್ಲಕ್ಷ್ಯದಿಂದಾದ ಸಾವುಗಳಿಗಾಗಿ ದೋಷಿ ಎಂದು ಸಾರಿ 27 ಲಕ್ಷ ಯೂರೊ ದಂಡ ವಿಧಿಸಿತು. 2023ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ದಂಡವನ್ನು 90 ಲಕ್ಷ ಯೂರೊಗಿಂತ ಹೆಚ್ಚಿಸಿತಲ್ಲದೆ, ಆರೋಗ್ಯ ವಿಮಾ ಸಂಸ್ಥೆಗಳಿಗೆ 41.5 ಕೋಟಿ ಯೂರೊ ಮರಳಿಸಲು ಆದೇಶಿಸಿತು.

ಹೊಸ ಚುಚ್ಚುಮದ್ದು, ಹಳೆಯ ಪ್ರಶ್ನೆ

ಸೆಮಾಗ್ಲುಟೈಡ್‌ನಂಥ ಹೊಸ ಚುಚ್ಚುಮದ್ದುಗಳು ಬೇರೆಯೇ ವರ್ಗಕ್ಕೆ ಸೇರಿದವು. ಕವಾಟದ ಹಾನಿಗೂ ಇವುಗಳಿಗೂ ನಂಟು ಕಲ್ಪಿಸುವಂತಿಲ್ಲ. ಆದರೆ ಜಠರದ ಚಲನೆ ಸ್ಥಗಿತಗೊಂಡಿತೆಂದು ದೂರಿದ ದಾವೆಗಳನ್ನು 2024ರಲ್ಲಿ ಒಗ್ಗೂಡಿಸಿ ಒಪ್ಪಿಸಿದ್ದು ಅದೇ ಫಿಲಡೆಲ್ಫಿಯಾ ನ್ಯಾಯಾಲಯಕ್ಕೆ. 2025ರ ಆಗಸ್ಟ್‌ನಲ್ಲಿ ಅದು, ಕೇವಲ ಲಕ್ಷಣಗಳು ಸಾಲವು, ಜಠರ ಖಾಲಿಯಾಗುವ ವೇಗವನ್ನು ಅಳೆಯುವ ಪರೀಕ್ಷೆಯೇ ಬೇಕೆಂದು ಹೇಳಿತು. ಎಕೋ ಪರೀಕ್ಷೆಯ ಪಾಠ ಇಲ್ಲಿಯೂ ಮರುಕಳಿಸಿದೆ.

ಇಂಥ ಚುಚ್ಚುಮದ್ದುಗಳ ಪೈಕಿ ಮೌಂಜಾರೊ ಮತ್ತು ವೆಗೋವಿ 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿವೆ. ಇಲ್ಲಿ ನೊಂದವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 'ಉತ್ಪನ್ನ ಹೊಣೆಗಾರಿಕೆ' ಅಧ್ಯಾಯ ದಾರಿ ತೋರುತ್ತದೆ. ಔಷಧಕ್ಕೆ ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ಹೋಗಬಹುದು. ಕಾಲಮಿತಿ ಎರಡು ವರ್ಷ. ಆದರೆ ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕಾದ ಉತ್ಪನ್ನದ ಬಗ್ಗೆ ಆ ತಜ್ಞರಿಗೆ ತಕ್ಕ ಎಚ್ಚರಿಕೆ ನೀಡಿದ್ದರೆ ತಯಾರಕರಿಗೆ 87ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ.

ಹೀಗಾಗಿ ವೈದ್ಯರ ಚೀಟಿ, ಔಷಧ ಅಂಗಡಿಯ ಬಿಲ್, ಬ್ಯಾಚ್ ಸಂಖ್ಯೆಯಿರುವ ಪೊಟ್ಟಣ, ಸೇವನೆಗೆ ಮುನ್ನ ಹಾಗೂ ನಂತರದ ಪರೀಕ್ಷಾ ವರದಿ ಇವುಗಳನ್ನು ಜೋಪಾನವಾಗಿಡುವುದು ಅಗತ್ಯ. ಅಡ್ಡ ಪರಿಣಾಮವನ್ನು ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಗಳೇ ತಿಳಿಸಬಹುದು. ಔಷಧವನ್ನು ತಮ್ಮಷ್ಟಕ್ಕೆ ನಿಲ್ಲಿಸದೆ ಮೊದಲು ವೈದ್ಯರನ್ನು ಕಾಣುವುದು ಒಳಿತು. ಆ ಭೇಟಿಯ ಟಿಪ್ಪಣಿಯೂ ಮುಂದೆ ಸಾಕ್ಷಿಯಾದೀತು.